ಕಟ್ಟಾಯದ ಸುಣ್ಣ, ಹಾಸನದ ಕಡಲು

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಾಯದ ಬಸ್ಸು ಹತ್ತಿ ಕೂತಿದ್ದೆ. ಕೆಳಗೆ ನಿಂತಿದ್ದ ಮಗ ಕಿಟಕಿಯಿಂದ ಒಂದು ಚೀಟಿ ಕೊಟ್ಟ. ತವರಿಗೆ ಹೊರಟವರ ಕೈಗೆ ಮಕ್ಕಳು ಕೊಡುವ ಪಟ್ಟಿ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಅಜ್ಜಿ ಮಾಡಿದ ಚಕ್ಕುಲಿ, ಹಿತ್ತಲ ಸೀಬೆಹಣ್ಣು, ಹೆಚ್ಚೆಂದರೆ ಒಂದು ಡಬ್ಬ ಹುರಿಗಾಳು. ಇವನ ಚೀಟಿಯಲ್ಲಿ ಇದ್ದದ್ದು ನಾಲ್ಕು ಪ್ರಶ್ನೆ: ‘ಸುಣ್ಣ ಯಾವ ಅಂಗಡಿಯದು? ಯಾವ ಡಬ್ಬದಲ್ಲಿತ್ತು? ಯಾವುದರಲ್ಲಿ ಮೊಗೆದಿದ್ದು? ಪಕ್ಕದಲ್ಲಿ ಇನ್ನೇನಿತ್ತು?’

ಬಸ್ಸು ಹೊರಟಿತು. ಅವನು ಕೈ ಬೀಸಲಿಲ್ಲ. ಮೂರು ದಿನದಿಂದ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ.

ವಿಷಯ ಇಷ್ಟೇ. ನಮ್ಮ ಹಾಲಿನಲ್ಲಿ 100 ಲೀಟರಿನ ಒಂದು ಗಾಜಿನ ತೊಟ್ಟಿ ಇದೆ. ಎಲ್ಲರ ಮನೆಯ ಮೀನಿನ ತೊಟ್ಟಿಯಂತೆ ಸಿಹಿನೀರಿನದಲ್ಲ, ಉಪ್ಪುನೀರಿನದು. ಪಿಯುಸಿ ಓದುವ ಮಗ ಎರಡು ವರ್ಷ ಹಬ್ಬ, ಹುಟ್ಟುಹಬ್ಬದ ದುಡ್ಡನ್ನೆಲ್ಲ ಕೂಡಿಟ್ಟು ಮಾಡಿಕೊಂಡದ್ದು. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಗಾಜು ಸವರುತ್ತಾ ಓಡಾಡುವ ಆರು ಕಡಲ ಬಸವನಹುಳು, ಯಾರೋ ಬಿಟ್ಟ ಚಿಪ್ಪಿನೊಳಗೆ ಸಂಸಾರ ಹೂಡುವ ನಾಲ್ಕು ಸನ್ಯಾಸಿ ಏಡಿ ಇದ್ದವು. ಇದ್ದವು ಅಂತ ಯಾಕೆ ಬರೆದೆ ಅಂದರೆ, ಮೇ ಕೊನೆಯ ವಾರದ ಒಂದು ಬೆಳಿಗ್ಗೆ ಎದ್ದು ನೋಡಿದಾಗ ಬಸವನಹುಳುಗಳೆಲ್ಲ ಗಾಜಿನಿಂದ ಕಳಚಿ ತಳಕ್ಕೆ ಬಿದ್ದಿದ್ದವು. ಸಂಜೆಯ ಹೊತ್ತಿಗೆ ಏಡಿಗಳೂ ಚಿಪ್ಪಿನಿಂದ ಅರ್ಧ ಹೊರಗೆ ಬಂದು ಸತ್ತಿದ್ದವು. ಮೀನುಗಳು ಮಾತ್ರ ಏನೂ ಆಗದಂತೆ ಓಡಾಡುತ್ತಿದ್ದವು.

ಹಿಂದಿನ ರಾತ್ರಿ ತೊಟ್ಟಿಗೆ ಹಾಕಿದ್ದು ಒಂದೇ ಹೊಸ ವಸ್ತು. ನಾನು ತವರಿನಿಂದ ತಂದುಕೊಟ್ಟ ಸುಣ್ಣ.

ಕಡಲಿಗೆ ಯಾಕೆ ಸುಣ್ಣ?

ನನಗೂ ಮೊದಲು ಇದೇ ಪ್ರಶ್ನೆ ಬಂದಿತ್ತು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಬಹುಪಾಲು ನಮ್ಮ ಅಡುಗೆ ಉಪ್ಪೇ. ಆದರೆ ಅದರ ಜೊತೆಗೆ ಸುಮಾರು 1,300 ಮಿಲಿಗ್ರಾಂ ಮೆಗ್ನೀಸಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ, ಮತ್ತೆ ಸೋಡದ ಅಂಶವೂ ಇರುತ್ತದೆ. ಈ ಕೊನೆಯದನ್ನು ಅಳೆಯುವುದಕ್ಕೆ ಆಲ್ಕಲಿನಿಟಿ ಅನ್ನುತ್ತಾರೆ. ಬಸವನಹುಳು ಚಿಪ್ಪು ಕಟ್ಟುವುದು, ಹವಳ ಗೂಡು ಕಟ್ಟುವುದು ಎಲ್ಲ ಈ ಕ್ಯಾಲ್ಸಿಯಂ ಮತ್ತು ಸೋಡವನ್ನು ನೀರಿನಿಂದ ಹೀರಿಕೊಂಡೇ. ಮೆಗ್ನೀಸಿಯಂ ಕಡಿಮೆಯಾದರೆ ಉಳಿದೆರಡನ್ನು ನೀರಿನಲ್ಲಿ ಕರಗಿದಂತೆಯೇ ಇಟ್ಟುಕೊಳ್ಳುವುದು ಕಷ್ಟ. ಸಮುದ್ರಕ್ಕೆ ಇದು ಲೆಕ್ಕವಲ್ಲ, ನದಿಗಳು ತಂದು ಸುರಿಯುತ್ತಲೇ ಇರುತ್ತವೆ. ನೂರು ಲೀಟರಿನ ತೊಟ್ಟಿಗೆ ಯಾವ ಹೇಮಾವತಿಯೂ ಬಂದು ಸೇರುವುದಿಲ್ಲ. ನಾವೇ ಹಾಕಬೇಕು.

ನಮ್ಮ ತೊಟ್ಟಿಯಲ್ಲಿ ಹವಳ ಇಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮಗನಿಗೆ ಆಸೆ ಇತ್ತು. ಆದರೆ ನಮ್ಮ ದೇಶದಲ್ಲಿ ಕಲ್ಲುಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ಮುಳುಗಿ ನೋಡಿ ಬರಬಹುದು, ಮುರಿದು ತರುವ ಹಾಗಿಲ್ಲ. ‘ಹುಲಿ ಸಾಕ್ತೀಯೇನೋ ಮನೇಲಿ?’ ಅಂತ ಅವರಪ್ಪ ಕೇಳಿದ ಮೇಲೆ ಸುಮ್ಮನಾದ. ಕ್ಲೌನ್ ಮೀನುಗಳ ವಿಷಯ ಬೇರೆ. ಅವನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ರೂಢಿಗೆ ತಂದಿದ್ದಾರೆ. ಹವಳದ ಬದಲಿಗೆ ಅವನು ಬೆಳೆಸಲು ಹೊರಟದ್ದು ಕೋರಲೈನ್ ಅನ್ನುವ ಗುಲಾಬಿ ಬಣ್ಣದ ಪಾಚಿಯನ್ನು. ಅದು ಮೈತುಂಬ ಸುಣ್ಣ ತುಂಬಿಕೊಂಡು ಕಲ್ಲಿನ ಮೇಲೆ ಬಣ್ಣ ಬಳಿದ ಹಾಗೆ ಗಟ್ಟಿಯಾಗಿ ಹಬ್ಬುತ್ತದೆ. ಅದಕ್ಕೂ ಈ ಮೂರೇ ಬೇಕು.

ಈ ಮೂರನ್ನೂ ಬಾಟಲಿಯಲ್ಲಿ ತುಂಬಿ ಮಾರುತ್ತಾರೆ. ಬೆಲೆ ನೋಡಿದರೆ ನಮ್ಮನೆಯವರಿಗೆ ಬಿಪಿ ಏರುತ್ತದೆ. ಬಾಟಲಿಯ ಹಿಂದಿನ ಅಕ್ಷರ ಓದಿದ ಮಗ ಒಂದು ದಿನ, ‘ಅಮ್ಮ, ಇದು ಸುಣ್ಣ, ಇದು ಅಡುಗೆ ಸೋಡ, ಇದು ಮಾವ ಹೊಲಕ್ಕೆ ಹಾಕೋದು’ ಅಂದ. ಹಾಗಾದರೆ ನಾವೇ ಮಾಡೋಣ ಅಂತ ಉತ್ಸಾಹದಿಂದ ಅಂದವಳು ನಾನು. ಅದಕ್ಕೇ ಈ ಪ್ರಯಾಣದ ಹೊಣೆಯೂ ನನ್ನದೇ ಆಯಿತು.

ಅಣ್ಣನ ಕೊಟ್ಟಿಗೆಯ ಜಗ್ಗು

ಜೂನ್ ಮೊದಲ ವಾರದ ಕಟ್ಟಾಯವನ್ನು ನೀವು ನೋಡಬೇಕು. ಮುಂಗಾರಿನ ಎರಡು ಹದ ಮಳೆ ಬಿದ್ದಿತ್ತು. ರಸ್ತೆಯ ಎರಡೂ ಕಡೆ ಕೆಂಪು ಮಣ್ಣಿನಲ್ಲಿ ಸಾಲು ಹೊಡೆದಿದ್ದರು. ಪಂಜಾಬಿನಿಂದ ಬಂದ ಬಿತ್ತನೆ ಆಲೂಗಡ್ಡೆಯನ್ನು ಹೆಂಗಸರು ಮರದಡಿ ಕೂತು ಕಣ್ಣು ಉಳಿಯುವ ಹಾಗೆ ಹೋಳು ಮಾಡುತ್ತಿದ್ದರು. ಗೊಬ್ಬರದಂಗಡಿ ಮುಂದೆ ಜಾತ್ರೆ. ಬಸ್ಸಿಳಿದವಳು ಮನೆಗೂ ಹೋಗದೆ ಮೊದಲು ಅಂಗಡಿಗೇ ಹೋದೆ. ಸುಣ್ಣ ತಂದದ್ದು ಅಲ್ಲಿಂದಲೇ ತಾನೇ?

‘ಸುಣ್ಣ ಚೆನ್ನಾಗಿದೆ ಕಣಕ್ಕ, ಕಲ್ಲುಸುಣ್ಣ. ಬೋರ್ಡೋಗೆ ಎಲ್ರೂ ಅದ್ನೇ ಒಯ್ಯೋದು’ ಅಂದ ಅಂಗಡಿಯ ಹುಡುಗ.

ಬೋರ್ಡೋ ಅಂದಾಗಲೇ ನನ್ನ ತಲೆಯಲ್ಲಿ ಏನೋ ಮಿಂಚಬೇಕಿತ್ತು. ಮಿಂಚಲಿಲ್ಲ.

ಮನೆಗೆ ಹೋದರೆ ಅಣ್ಣ ಹಿತ್ತಲಿನ ಅಡಿಕೆ ಮರಗಳಿಗೆ ಮಳೆಗಾಲದ ಮೊದಲ ಔಷಧಿ ಹೊಡೆಸುತ್ತಿದ್ದ. ಕೊಟ್ಟಿಗೆಯ ಮೂಲೆಯಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮು. ಒಂದರಲ್ಲಿ ನವಿಲಿನ ಕತ್ತಿನ ಬಣ್ಣದ ನೀರು, ಇನ್ನೊಂದರಲ್ಲಿ ಹಾಲಿನ ಬಣ್ಣದ್ದು. ತೋಟ ಇರುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಒಟ್ಟು ನೂರು ಲೀಟರ್ ನೀರು. ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಂದ ಲೋಕಕ್ಕೆ ಹರಡಿದ ಔಷಧಿ ಇದು. ನಮ್ಮಲ್ಲಿ ಅಡಿಕೆ, ಮೆಣಸು, ಕಾಫಿಗೆ ಇವತ್ತಿಗೂ ಇದೇ ಗತಿ. ಸುಣ್ಣ ಸಾಕಾಗಿದೆಯೋ ಇಲ್ಲವೋ ಅಂತ ನೋಡಲು ಅಣ್ಣ ಉಜ್ಜಿದ ಕುಡುಗೋಲನ್ನು ಅದರಲ್ಲಿ ಅದ್ದಿ ತೆಗೆದ. ‘ಕೆಂಪಗೆ ತಾಮ್ರ ಹತ್ತಿದ್ರೆ ಸುಣ್ಣ ಸಾಲ್ದು ಅಂತ’ ಅಂದ.

ತಾಮ್ರ!

ಡ್ರಮ್ಮಿನ ಪಕ್ಕ ಒಂದು ಹಳೇ ಜಗ್ಗು ಇತ್ತು. ಹಿಡಿಕೆಯ ಒಳಮೂಲೆಯಲ್ಲಿ, ತಳದ ಸುತ್ತ, ಹಸಿರುನೀಲಿ ಬಣ್ಣದ ಪೊರೆ. ಹೋದ ಸಲ ಬಂದಾಗ ಚೀಲದಿಂದ ಸುಣ್ಣ ಮೊಗೆದು ನನ್ನ ಡಬ್ಬಕ್ಕೆ ಸುರಿದದ್ದು ಇದೇ ಜಗ್ಗಿನಲ್ಲಿ. ನಾನೇ ಮೊಗೆದಿದ್ದೆ.

ಮಗನಿಗೆ ಫೋನು ಮಾಡಿದೆ. ಅವನು ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಮೀನು ಯಾಕೆ ಬದುಕಿದ್ವು ಅಂತ ಈಗ ಗೊತ್ತಾಯ್ತು’ ಅಂದ. ಕಡಲ ಮೀನುಗಳಿಗೆ ಚರ್ಮದ ಹುಳು ಬಿದ್ದರೆ ಔಷಧಿಯಾಗಿಯೇ ತಾಮ್ರ ಹಾಕುತ್ತಾರಂತೆ. ಅಳತೆಯಲ್ಲಿದ್ದರೆ ಮೀನು ತಡೆದುಕೊಳ್ಳುತ್ತದೆ. ಬಸವನಹುಳು, ಏಡಿಗೆ ಅದೇ ತಾಮ್ರ ವಿಷ. ಅವನೇ ಲೆಕ್ಕ ಹೇಳಿದ. 40 ಮಿಲಿಗ್ರಾಂ ಮೈಲುತುತ್ತ, ಅಂದರೆ ಸುಮಾರು ಎರಡು ಅಕ್ಕಿಕಾಳಿನ ತೂಕ, ನೂರು ಲೀಟರಿಗೆ ಬಿದ್ದರೆ ಲೀಟರಿಗೆ 0.1 ಮಿಲಿಗ್ರಾಂ ತಾಮ್ರ ಸೇರಿತು. ಬಸವನಹುಳುಗಳನ್ನು ಕೊಲ್ಲಲು ಅಷ್ಟು ಸಾಕು. ಸಾಲದ್ದಕ್ಕೆ ಅವನೂ ಒಂದು ತಪ್ಪು ಮಾಡಿದ್ದ. ಸುಣ್ಣದ ನೀರು ತಿಳಿಯಾಗುವ ತನಕ ಕಾಯದೆ, ಕದಡಿದ ಬಿಳಿ ನೀರನ್ನೇ ಗಸಿಯ ಸಮೇತ ಸುರಿದಿದ್ದ. ಸಂಜೆ ಪರೀಕ್ಷೆಯ ಕಿಟ್ ತಂದು ನೋಡಿ ಮತ್ತೆ ಫೋನು ಮಾಡಿದ. ‘ಇದೆ ಅಮ್ಮ, ತಾಮ್ರ ಇದೆ.’

ಅಣ್ಣನ ಮುಖ ಸಪ್ಪಗಾಯಿತು. ಅವನ ದೃಷ್ಟಿಯಲ್ಲಿ ಅವು ಬರೀ ‘ಹುಳ’. ಆದರೂ ಸೋದರಳಿಯನ ಹುಳ. ಅಷ್ಟರಲ್ಲಿ ಅತ್ತಿಗೆ ಒಂದು ಮಾತು ತೆಗೆದರು. ‘ಅಲ್ಲ ಕಣ್ರೀ, ಅದೇ ಜಗ್ಗಲ್ಲಿ ತಾನೇ ನೀವು ಕರೀಗೂ ನೀರು ಹುಯ್ಯೋದು?’

ಕೊಟ್ಟಿಗೆಯಲ್ಲಿ ಎರಡು ತಿಂಗಳ ಕರು ಕಟ್ಟಿತ್ತು. ಅದರ ಮುಂದಿನ ಬಾನಿಗೆ ನೀರು ತುಂಬುತ್ತಿದ್ದದ್ದು ಆ ಜಗ್ಗಿನಲ್ಲೇ. ತೊಳೆದೇ ತುಂಬುತ್ತಿದ್ದೆ ಅಂತ ಅಣ್ಣ ಅಂದ. ತೊಳೆದ ಜಗ್ಗಿನಲ್ಲೇ ತಾನೇ ನಾನೂ ಸುಣ್ಣ ಮೊಗೆದದ್ದು? ಯಾರೂ ಹೆಚ್ಚು ಮಾತಾಡಲಿಲ್ಲ. ಅವತ್ತೇ ಸಂಜೆ ಆ ಜಗ್ಗಿಗೆ ಕೆಂಪು ಬಣ್ಣ ಬಳಿದು, ತೂತು ಕೊರೆದು, ಔಷಧಿ ಡ್ರಮ್ಮಿಗೇ ತಂತಿಯಲ್ಲಿ ಕಟ್ಟಿದ. ಕರುವಿಗೆ ಬೇರೆ ಬಕೆಟ್ಟು ಬಂತು. ಆರು ಬಸವನಹುಳು ಸತ್ತು ತಿಳಿಸಿದ ವಿಷಯ ಅದು.

ಅವ್ವನ ಅರಿಶಿನ

ರಾತ್ರಿ ಊಟವಾದ ಮೇಲೆ ಅವ್ವ ಎಲೆ ಅಡಿಕೆ ತಟ್ಟೆ ಹಿಡಿದು ಕೂತಳು. ನಾನು ಮಗನ ಪುರಾಣವೆಲ್ಲ ಹೇಳಿದೆ. ಸುಣ್ಣದ ಭಾಗ ಬಂದಾಗ ಅವಳು ನಕ್ಕಳು.

‘ಸುಣ್ಣನ ಕದಡಿ ಹಾಕಿದ್ನಾ? ಸುಣ್ಣದ ತಿಳಿ ಅಂತ ಸುಮ್ನೆ ಅಂತಾರಾ? ರಾತ್ರಿ ನೆನೆಹಾಕಿ ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸ್ಕಬೇಕು. ಗಸಿ ಗೋಡೆಗೆ.’

ಮಗ ಎಲ್ಲೆಲ್ಲೋ ಓದಿ ತಿಳಿದದ್ದೂ ಇದನ್ನೇ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಎಷ್ಟೇ ಹಾಕಿದರೂ ಕರಗುವುದು ಒಂದೂವರೆ ಗ್ರಾಂನ ಆಸುಪಾಸು. ಉಳಿದದ್ದು ತಳಕ್ಕೆ. ಕೊಳೆಯಲ್ಲಿ ಬಹುಪಾಲು ಆ ಗಸಿಯ ಜೊತೆಗೇ ಉಳಿಯುತ್ತದೆ. ಆ ತಿಳಿಯಲ್ಲಿ ಕ್ಯಾಲ್ಸಿಯಮ್ಮೂ ಇದೆ, ಆಲ್ಕಲಿನಿಟಿಯೂ ಇದೆ. ಜರ್ಮನರು ಅದಕ್ಕೆ ಇಟ್ಟ ಕಾಲ್ಕ್‌ವಾಸರ್ ಅನ್ನುವ ಹೆಸರಿನಲ್ಲೇ ಕಡಲ ತೊಟ್ಟಿಯವರು ಲೋಕದಾದ್ಯಂತ ಕರೆಯುತ್ತಾರೆ. ಅರ್ಥ ಮಾತ್ರ ಸುಣ್ಣದ ನೀರು ಅಂತಲೇ.

ಅವ್ವ ಸುಮ್ಮನೆ ಕೂರುವವಳಲ್ಲ. ಒಂದು ಚಿಟಿಕೆ ಅರಿಶಿನವನ್ನು ನೀರಲ್ಲಿ ಕಲಸಿ, ಎಲೆ ಅಡಿಕೆಯ ಸುಣ್ಣವನ್ನು ಬೆರಳ ತುದಿಯಲ್ಲಿ ಮುಟ್ಟಿಸಿದಳು. ಆರತಿ ತಟ್ಟೆಯ ಓಕುಳಿಯಂತೆ ಕೆಂಪಾಯಿತು. ‘ಸುಣ್ಣ ಸತ್ತಿದ್ರೆ ಇಷ್ಟು ಕೆಂಪು ಏರಲ್ಲ’ ಅಂದಳು. ಗಾಳಿಗೆ ತೆರೆದಿಟ್ಟ ಸುಣ್ಣ ನಿಧಾನಕ್ಕೆ ಸೀಮೆಸುಣ್ಣದಂಥ ಪುಡಿಯಾಗಿಬಿಡುತ್ತದೆ. ಅದರಲ್ಲಿ ಖಾರ ಉಳಿಯುವುದಿಲ್ಲ, ತೊಟ್ಟಿಗೂ ಅದು ಪ್ರಯೋಜನವಿಲ್ಲ. ಮಗನ ಕಿಟ್ಟಿನಲ್ಲಿ ಬಣ್ಣ ಬದಲಾಗುವ ಹನಿಗಳಿವೆಯಲ್ಲ, ಆ ಕೆಲಸವನ್ನೇ ನಮ್ಮ ಹೆಂಗಸರು ಅರಿಶಿನದಲ್ಲಿ ಮಾಡುತ್ತಿದ್ದರು ಅಂತ ನನಗೆ ಆವತ್ತು ಹೊಳೆಯಿತು.

ಹೊಳೆನರಸೀಪುರದ ಕಲ್ಲು, ಪಟ್ಟಣದ ಚೌಳು

ಮರುದಿನ ಅವ್ವನ ತವರಿನಲ್ಲಿ ನಾಮಕರಣ. ಅದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಅಣ್ಣನ ಹಳೇ ಓಮ್ನಿಯಲ್ಲಿ ಹೊಳೆನರಸೀಪುರದ ಮೇಲೆ ಹೊರಟೆವು. ಹೇಮಾವತಿ ಸೇತುವೆ ದಾಟಿ ಟೀ ಕುಡಿಯಲು ನಿಂತಾಗ ಅಣ್ಣ ರಸ್ತೆ ಬದಿಯ ಹಸಿರು ಛಾಯೆಯ ಒಂದು ಕಲ್ಲು ತೆಗೆದು ಕೈಗೆ ಕೊಟ್ಟ. ಮುಟ್ಟಿದರೆ ಸೋಪಿನ ಹಾಗೆ ನುಣುಪು. ‘ಚಿಕ್ಕೋರಿದ್ದಾಗ ಇದ್ರಲ್ಲೇ ಬರೀತಿದ್ವಲ್ಲ, ಬಳಪ’ ಅಂದ.

ಭೂವಿಜ್ಞಾನಿಗಳಿಗೆ ಈ ಸೀಮೆ ಯಾತ್ರಾಸ್ಥಳ ಇದ್ದ ಹಾಗೆ. ಹೊಳೆನರಸೀಪುರದ ಸುತ್ತಿನ ಶಿಲಾಪಟ್ಟಿಗೆ 300 ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಭೂಮಿಯ ಆಳದಿಂದ ಉಕ್ಕಿ ಬಂದ, ಮೆಗ್ನೀಸಿಯಂ ತುಂಬಿದ ಲಾವಾ ಅಲ್ಲಿ ಕಲ್ಲಾಗಿ ಕೂತಿದೆ. ಬಳಪದ ಕಲ್ಲಿನಲ್ಲೂ ಅದೇ. ಬೇಲೂರು ಹಳೇಬೀಡಿನ ಶಿಲ್ಪಿಗಳಿಗೆ ಉಳಿಗೆ ಬಗ್ಗುವಷ್ಟು ಮೆದುವಾಗಿ ಸಿಕ್ಕಿದ್ದೂ ಇಂಥ ಮೆಗ್ನೀಸಿಯಂ ಇರುವ ಕಲ್ಲೇ. ಹಾಗಾದರೆ ಒಂದು ತುಂಡು ತೊಟ್ಟಿಗೆ ಹಾಕಿದರೆ ಮುಗೀತಲ್ಲ ಅಂತ ನಾನು ಅಂದುಕೊಂಡೆ. ಮಗ ಫೋನಿನಲ್ಲೇ ತಡೆದ. ಆ ಕಲ್ಲಿನ ಮೆಗ್ನೀಸಿಯಂ ನೀರಿಗೆ ಬಿಡುವುದಿಲ್ಲ. ಎಂಟುನೂರು ವರ್ಷದ ಮಳೆಗೆ ಕರಗದ್ದು ನಮ್ಮ ತೊಟ್ಟಿಯಲ್ಲಿ ಕರಗೀತೇ? ಇನ್ನೊಂದು, ಇದೇ ಬಗೆಯ ಕಲ್ಲುಗಳ ನಡುವೆ ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮಿಯಂ ಅದಿರಿನ ಗಣಿ ಇದೆ. ಯಾವ ಕಲ್ಲಿನಲ್ಲಿ ಏನಿದೆಯೋ ಬಲ್ಲವರಾರು. ತಾಮ್ರದ ಪಾಠ ಇನ್ನೂ ಹಸಿಯಾಗಿತ್ತು. ಕಲ್ಲನ್ನು ಅಲ್ಲೇ ಬಿಟ್ಟೆ.

ಚನ್ನರಾಯಪಟ್ಟಣದ ಕಡೆ ಹೋಗುತ್ತಿದ್ದಂತೆ ನೆಲದ ಬಣ್ಣವೇ ಬದಲಾಯಿತು. ಮಳೆ ಕಡಿಮೆ, ತೆಂಗು ಜಾಸ್ತಿ. ಅವ್ವನ ಊರಿನ ಕೆರೆಗೆ ಇನ್ನೂ ನೀರು ಬಂದಿರಲಿಲ್ಲ. ಅಂಗಳದ ಒಂದು ಮೂಲೆಯಲ್ಲಿ ಯಾರೋ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿತ್ತು. ‘ಚೌಳು ಕಣೇ’ ಅಂದಳು ಅವ್ವ. ಬೇಸಿಗೆಯಲ್ಲಿ ನೀರು ಆರಿದ ಮೇಲೆ ನೆಲದ ಉಪ್ಪೆಲ್ಲ ಮೇಲೇರಿ ಹೀಗೆ ಹೊಪ್ಪಳಿಕೆಯಾಗುತ್ತದೆ. ಅವಳು ಹುಡುಗಿಯಾಗಿದ್ದಾಗ ಊರಿನ ಮಡಿವಾಳರು ಈ ಮಣ್ಣನ್ನೇ ಗೋರಿ ಒಯ್ದು, ಬಟ್ಟೆಗೆ ಹಾಕಿ ಕುದಿಸಿ ಒಗೆಯುತ್ತಿದ್ದರಂತೆ. ಅಂದರೆ ಇದು ನೆಲದಲ್ಲೇ ಹುಟ್ಟಿದ ವಾಷಿಂಗ್ ಸೋಡ. ಇನ್ನು ಉಪ್ಪಿನ ಅಂಶ ಹೆಚ್ಚಿದ್ದ ಮಣ್ಣನ್ನು ನೀರಿನಲ್ಲಿ ಕಲಸಿ, ಸೋಸಿ, ಒಣಗಿಸಿ ಉಪ್ಪು ತೆಗೆಯುವುದು ಉಪ್ಪಾರರ ಕುಲಕಸುಬಾಗಿತ್ತು. ಅವರ ಹೆಸರಲ್ಲೇ ಉಪ್ಪಿದೆ ನೋಡಿ. ಸುಣ್ಣ ಸುಡುವುದೂ ಅವರಲ್ಲಿ ಹಲವರ ಕೆಲಸವೇ.

ಒಂದು ಹಿಡಿ ಚೌಳು ಮಣ್ಣನ್ನು ಕಾಗದದಲ್ಲಿ ಕಟ್ಟಿಕೊಂಡೆ. ನಾಮಕರಣದ ಮನೆಯಲ್ಲೇ ಅದನ್ನು ನೀರಿಗೆ ಹಾಕಿ ಅರಿಶಿನ ಮುಟ್ಟಿಸಿ ನೋಡಿದೆವು. ಕೆಂಪಾಯಿತು! ನಿಂಬೆರಸ ಹಿಂಡಿದರೆ ಬುರುಬುರು ಅಂತು. ಸೋಡ ಇರುವುದು ಖಂಡಿತ. ಮಕ್ಕಳೆಲ್ಲ ಸುತ್ತ ಸೇರಿದರು. ಕೂಸಿನ ಹೆಸರಿಡುವವರು ನಮ್ಮನ್ನು ಎರಡು ಸಲ ಕರೆಯಬೇಕಾಯಿತು.

ಆ ಮಣ್ಣು ತೊಟ್ಟಿಗೆ ಹೋಗಲಿಲ್ಲ. ಸೋಡದ ಜೊತೆ ಆ ಕೆರೆಯ ಗೊಬ್ಬರ, ದನದ ಗಂಜಲ, ಮಣ್ಣು ಎಲ್ಲ ಅದರಲ್ಲಿದೆ. ಸಣ್ಣ ಶೀಶೆಯಲ್ಲಿ ತುಂಬಿ ಮಗ ಪುಸ್ತಕದ ಕಪಾಟಿನಲ್ಲಿಟ್ಟಿದ್ದಾನೆ.

ಕೊನೆಗೆ ಕೊಂಡದ್ದು ಎಲ್ಲಿ?

ಹಾಸನಕ್ಕೆ ವಾಪಸು ಬಂದ ಮೇಲೆ ತಾಯಿ ಮಗ ಇಬ್ಬರೂ ಕೂತು ಒಂದು ನಿಯಮ ಮಾಡಿಕೊಂಡೆವು. ಹೊಲಕ್ಕೆ, ಗೋಡೆಗೆ ಅಂತ ಮಾಡಿದ್ದು ತೊಟ್ಟಿಗೆ ಬೇಡ. ಮನುಷ್ಯರು ಬಾಯಿಗೆ ಹಾಕುವುದು, ಇಲ್ಲವೇ ಪ್ರಯೋಗಾಲಯಕ್ಕೆ ಅಂತ ಶುದ್ಧ ಮಾಡಿದ್ದು ಮಾತ್ರ. ಆಸಕ್ತಿ ಇರುವವರಿಗೆ ಉಪಯೋಗವಾಗಲಿ ಅಂತ ವಿವರ ಬರೆಯುತ್ತಿದ್ದೇನೆ.

ಸೋಡ ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಅಡುಗೆ ಸೋಡ ಬೇಕು, ಬೇಕಿಂಗ್ ಪೌಡರ್ ಅಲ್ಲ. ಪೌಡರಿನಲ್ಲಿ ಹುಳಿ ಪುಡಿಯೂ ಹಿಟ್ಟೂ ಸೇರಿರುತ್ತದೆ. ಬಟ್ಟೆ ಸೋಡವೂ ಬೇಡ. ನೂರು ಲೀಟರಿಗೆ 3 ಗ್ರಾಂ ಅಡುಗೆ ಸೋಡ ಹಾಕಿದರೆ ಆಲ್ಕಲಿನಿಟಿ ಒಂದು ಡಿಗ್ರಿ ಏರುತ್ತದೆ. ನಾವು ಇಟ್ಟುಕೊಂಡಿರುವುದು 8 ಡಿಗ್ರಿ.

ಮೆಗ್ನೀಸಿಯಂ ಅಂದರೆ ಎಪ್ಸಮ್ ಸಾಲ್ಟ್. ಹಿಂದೆ ಭೇದಿಗೆ ಕೊಡುತ್ತಿದ್ದ ಕಹಿ ಉಪ್ಪು ಅದೇ. ಗೊಬ್ಬರದಂಗಡಿಯಲ್ಲೂ ಚೀಲಗಟ್ಟಲೆ ಇದೆ. ಆಲೂಗಡ್ಡೆ ಎಲೆಯ ನರ ಹಸಿರಾಗಿಯೇ ಉಳಿದು ನಡುವೆ ಹಳದಿಯಾದರೆ ಅಣ್ಣ ಅದನ್ನೇ ಸಿಂಪಡಿಸುತ್ತಾನೆ. ನಾವು ಕೊಂಡದ್ದು ಮೆಡಿಕಲ್ ಸ್ಟೋರಿನ ಪೊಟ್ಟಣ. ಎರಡು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ನೂರು ಲೀಟರಿಗೆ 10 ಗ್ರಾಂ ಹಾಕಿದರೆ ಲೀಟರಿಗೆ 10 ಮಿಲಿಗ್ರಾಂ ಮೆಗ್ನೀಸಿಯಂ ಏರುತ್ತದೆ.

ಸುಣ್ಣ ಮತ್ತು ಕ್ಯಾಲ್ಸಿಯಂ ಕ್ಲೋರೈಡ್ ಎರಡನ್ನೂ ಕಾಲೇಜುಗಳಿಗೆ ರಾಸಾಯನಿಕ ಕೊಡುವ ಅಂಗಡಿಯಲ್ಲಿ, ಸೀಲು ಹಾಕಿದ ಬಾಟಲಿಯಲ್ಲಿ ತಂದೆವು. ಎರಡನೆಯದರಲ್ಲಿ ಎರಡು ಬಗೆ ಇದೆ, ಪೂರ್ತಿ ಒಣಗಿದ್ದು ಮತ್ತು ನೀರಿನಂಶ ಇರುವುದು. ಡಬ್ಬದ ಮೇಲೆ ‘ಡೈಹೈಡ್ರೇಟ್’ ಅಂತ ಇದ್ದರೆ ನೂರು ಲೀಟರಿಗೆ 3.7 ಗ್ರಾಂ ಹಾಕಿದಾಗ 10 ಮಿಲಿಗ್ರಾಂ ಕ್ಯಾಲ್ಸಿಯಂ ಏರುತ್ತದೆ. ಒಣಗಿದ್ದನ್ನು ನೀರಿಗೆ ಹಾಕಿದರೆ ಪಾತ್ರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಎಚ್ಚರ. ಮುಚ್ಚಳ ತೆಗೆದಿಟ್ಟರೆ ಬೆಳಗಾಗುವುದರೊಳಗೆ ಗಾಳಿಯ ತೇವ ಕುಡಿದು ನೀರಾಗಿರುತ್ತದೆ. ಸುಣ್ಣ ಮುಟ್ಟುವಾಗ ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ನೀರು ಮುಖ್ಯ. ನಮ್ಮ ಬೋರ್‌ವೆಲ್ ನೀರಿನಲ್ಲೂ ಸುಣ್ಣದ ಅಂಶ ಬೇಕಾದಷ್ಟಿದೆ, ಆದರೆ ಹೊಲದ ಗೊಬ್ಬರವೂ ಅದರಲ್ಲಿ ಇಳಿದಿರಬಹುದು. ಆರ್‌ಒ ನೀರನ್ನೇ ಟಿಡಿಎಸ್ ಮೀಟರಿನಲ್ಲಿ ನೋಡಿ ಬಳಸುತ್ತೇವೆ.

ಸೋಡದ ನೀರು, ಕ್ಯಾಲ್ಸಿಯಂ ನೀರು ಎರಡನ್ನೂ ಒಟ್ಟಿಗೆ ಬೆರೆಸಬಾರದು ಅಂತ ಮಗ ಹೇಳಿದಾಗ ನಾನು ನಂಬಲಿಲ್ಲ. ಎರಡು ಸ್ಟೀಲ್ ಲೋಟದಲ್ಲಿ ಕರಗಿಸಿ ಒಂದಕ್ಕೊಂದು ಸುರಿದ. ತಿಳಿನೀರು ಎರಡೂ ಕೂಡಿ ಕ್ಷಣದಲ್ಲಿ ಹಾಲಾಯಿತು, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಪುಡಿ ಕೂತಿತು. ಬಸವನಹುಳುವಿನ ಚಿಪ್ಪೂ ಅದೇ. ಹುಳು ಅದನ್ನು ತನ್ನ ಮೈಯಲ್ಲಿ ನಿಧಾನಕ್ಕೆ ಮಾಡುತ್ತದೆ, ನಾವು ಆತುರಪಟ್ಟರೆ ತೊಟ್ಟಿಯಲ್ಲೇ ಆಗಿಬಿಡುತ್ತದೆ. ಅದಕ್ಕೇ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಹಾಕುವುದು. ಅದೂ ವಾರಕ್ಕೊಮ್ಮೆ ಪರೀಕ್ಷೆ ಮಾಡಿ, ಕಡಿಮೆ ಬಂದಿದ್ದರೆ ಮಾತ್ರ.

ದಿನಬಳಕೆಗೆ ಸುಣ್ಣದ ತಿಳಿಯೇ ಸಾಕಾಗಿದೆ. ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿಯಾಗುತ್ತದೆ. ಅದರ ಬದಲಿಗೆ ಕಾಲು ಲೀಟರ್ ತಿಳಿ, ಮುಕ್ಕಾಲು ಲೀಟರ್ ಆರ್‌ಒ ನೀರು ಸೇರಿಸಿ, ಆಸ್ಪತ್ರೆಯ ಗ್ಲೂಕೋಸ್ ಪೈಪಿನಲ್ಲಿ ರಾತ್ರಿಯಿಡೀ ತೊಟ್ಟಿಕ್ಕುವ ಹಾಗೆ ಮಾಡಿದ್ದಾನೆ. ಇದು ನಮ್ಮ ತೊಟ್ಟಿಯ ಲೆಕ್ಕ. ನಿಮ್ಮದಕ್ಕೆ ಪರೀಕ್ಷೆ ಮಾಡದೆ ಹಾಕಬೇಡಿ.

ಹುಳ ಹೆಂಗವೆ?

ತಾಮ್ರ ಬಿದ್ದ ಮರಳು, ಕಲ್ಲು ಎರಡನ್ನೂ ಹೊರಗೆ ಹಾಕಬೇಕಾಯಿತು. ಅದು ಅವಕ್ಕೆ ಅಂಟಿಕೊಂಡು ಕೂತು ದಿನಾ ಸ್ವಲ್ಪಸ್ವಲ್ಪ ಬಿಡುತ್ತದಂತೆ. ನೀರು ಬದಲಿಸಿದ್ದೆಷ್ಟು ಸಲವೋ. ಕಿಟ್ಟಿನಲ್ಲಿ ಬಣ್ಣ ಬಾರದೇ ಇದ್ದ ಮೇಲೂ ಮಗ ಒಂದು ತಿಂಗಳು ಕಾದ. ಹಿಂದೆ ಹೀಗೆ ಕಾಯುವ ಹುಡುಗನಾಗಿರಲಿಲ್ಲ. ಶ್ರಾವಣದಲ್ಲಿ ಎರಡೇ ಎರಡು ಬಸವನಹುಳು ತಂದ. ವಾರ ಕಳೆದರೂ ಅವು ಗಾಜಿಗೆ ಅಂಟಿಕೊಂಡೇ ಇದ್ದವು. ಆಮೇಲೆ ಇನ್ನೆರಡು ಬಂದವು.

ದಸರೆಗೆ ಅವ್ವ ಹಾಸನಕ್ಕೆ ಬಂದಿದ್ದಳು. ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತವಳು, ‘ಏನ್ಲಾ ಮಗ, ಆ ಕಲ್ಲಿಗೆ ಯಾರು ಕುಂಕುಮ ಇಟ್ಟೋರು?’ ಅಂದಳು. ಓಡಿ ಹೋಗಿ ನೋಡಿದೆವು. ಹೊಸ ಕಲ್ಲಿನ ಮೂಲೆಯಲ್ಲಿ ಕಡಲೆಬೇಳೆಯಷ್ಟು ಗುಲಾಬಿ ಚುಕ್ಕಿ. ಇಷ್ಟು ದಿನದಿಂದ ಅದಕ್ಕೇ ಕಾಯುತ್ತಿದ್ದ ಮಗನ ಕಣ್ಣಿಗೆ ಬಿದ್ದಿರಲಿಲ್ಲ.

ಅಣ್ಣ ಈಗ ಫೋನು ಮಾಡಿದರೆ ಮಳೆ ಬೆಳೆಯ ಸುದ್ದಿಗೆ ಮುಂಚೆ ಒಂದು ಮಾತು ಕೇಳುತ್ತಾನೆ. ‘ಹುಳ ಹೆಂಗವೆ?’ ಚೆನ್ನಾಗಿವೆ ಅಂತ ನಾನು ಹೇಳುತ್ತೇನೆ. ಆಮೇಲೆ ನಾನು ಕರುವಿನ ಸುದ್ದಿ ಕೇಳುತ್ತೇನೆ.